ದೊಡ್ಡ ವೀರರಾಜೇಂದ್ರ ಒಡೆಯ: ಸೆರೆಯಲ್ಲಿ ಬಾಡದ ನಂಬುಗೆ

ಕಾವೇರಿಯು ಹುಟ್ಟುವ ಕೊಡಗನ್ನು ಸುಮಾರು ಎರಡು ಶತಮಾನಗಳ ಕಾಲ ಆಳಿದವರು ಹಾಲೇರಿಯ ಒಡೆಯರು. ಇವರು ಕೆಳದಿ ಇಕ್ಕೇರಿಗಳ ನಾಯಕರ ಬಳಗಕ್ಕೆ ಸೇರಿದ ಲಿಂಗವಂತರು. ವಂಶದ ಮೂಲಪುರುಷನು ಜಂಗಮನಾಗಿ ಹಾಲೇರಿಗೆ ಬಂದು ನೆಲಸಿ, ಮೊದಲು ಜನರ ಭಕ್ತಿಯನ್ನೂ ಅನಂತರ ನಾಡಿನ ಒಡೆತನವನ್ನೂ ಪಡೆದನೆಂದು ಅಲ್ಲಿಯ ಹೇಳಿಕೆ. ಮುದ್ದುರಾಜನು ೧೬೮೧ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದನು. ಆಮೇಲೆ ನೂರು ವರ್ಷ ತುಂಬುವಷ್ಟರಲ್ಲಿ ಈ ವಂಶದವರಿಗೆ ತಮ್ಮ ನಾಡಿನಲ್ಲಿಯೇ ಕಾಲಿಡಲು ಎಡೆಯಿಲ್ಲದಂತಹ ಕಾಲ ಒದಗಿತು. ಆ ಕಾಲದಲ್ಲಿ ಬೆಳೆದು, ಅದನ್ನು ದಾಟಿ, ಬಿದ್ದ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದವನು ದೊಡ್ಡ ವೀರರಾಜೇಂದ್ರ ಒಡೆಯ. ಸಂಕಟದ ನಡುವೆ ಎದೆಗುಂದದ ಬಾಳು ಆತನದು; ಸಂಕಟ ತೀರಿದ ಮೇಲೆ ಎದೆಗುಂದಿದ ಬಾಳೂ ಹೌದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಡುವುದು ವಾಡಿಕೆ. ಎರಡನ್ನೂ ಕೂಡಿಸಿ ನೋಡಿದಲ್ಲದೆ ಆತನ ಚರಿತ್ರೆ ಸಂಸಾರದಲ್ಲಿದ್ದು ಸಾಧಿಸುವ ಭಕ್ತರ ಕೆಲಸಕ್ಕೆ ಬಾರದು.

ತಂದೆ ಲಿಂಗರಾಜನು ದಾಯಾದಿಗಳ ಕಲಹದಲ್ಲಿ ಮೈಸೂರಿನ ಹೈದರಾಲಿಯ ನೆರವನ್ನು ಬೇಡಿ ಗದ್ದುಗೆಯನ್ನೇರಿದವನು. ಮನೆಯ ಜಗಳಕ್ಕೆ ಹೊರಗಿನವರನ್ನು ಕರೆದರೆ ಅವರು ಪಂಚಾಯಿತಿಯನ್ನು ಮುಗಿಸಿ ಹಾಗೆಯೇ ಎದ್ದುಹೋಗುವುದಿಲ್ಲ. ೧೭೮೦ರಲ್ಲಿ ಲಿಂಗರಾಜನು ತೀರಿಕೊಂಡಾಗ, ಮಕ್ಕಳು ಇನ್ನೂ ಪ್ರಾಯಕ್ಕೆ ಬಂದಿಲ್ಲವೆಂಬ ಕಾರಣವನ್ನು ಮುಂದುಮಾಡಿ ಹೈದರಾಲಿಯು ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡನು. ಮಡಿಕೇರಿಯಲ್ಲಿ ಆತನ ಅಧಿಕಾರಿ ಕುಳಿತನು. ಹರೆಯದ ಹುಡುಗನಾದ ವೀರರಾಜನನ್ನೂ ಆತನ ತಮ್ಮಂದಿರನ್ನೂ ಮನೆಯವರೊಡನೆ ಹೇಮಾವತಿಯ ದಡದ ಗೊರೂರಿಗೆ ಸಾಗಿಸಲಾಯಿತು. ಹೆಸರಿಗೆ ಅದು ಪಾಲನೆ, ನಿಜಕ್ಕೆ ಸೆರೆ.

ಕೊಡಗಿನ ಜನ ಇದನ್ನು ಸಹಿಸಲಿಲ್ಲ. ೧೭೮೨ರಲ್ಲಿ ಹೈದರಾಲಿಯು ದೂರದ ಕರ್ನಾಟಕ ಬಯಲಿನಲ್ಲಿ ಇಂಗ್ಲಿಷರೊಡನೆ ಹೋರಾಡುತ್ತಿದ್ದಾಗ ಅವರು ದಂಗೆಯೆದ್ದು ಮೈಸೂರಿನ ಪಡೆಯನ್ನು ನಾಡಿನಿಂದ ಹೊರದೂಡಿದರು. ಅದರ ಫಲವನ್ನು ಮೊದಲು ಉಂಡವರು ಸೆರೆಯಲ್ಲಿದ್ದ ರಾಜಪುತ್ರರು. ಅವರನ್ನು ಗೊರೂರಿನಿಂದ ತೆಗೆದು, ಇನ್ನೂ ಬಿಗಿಯಾದ ಕಾವಲಿದ್ದ ಪಿರಿಯಾಪಟ್ಟಣದ ಕೋಟೆಗೆ ಒಯ್ದರು. ಆ ವರ್ಷದ ಡಿಸೆಂಬರಿನಲ್ಲಿ ಹೈದರಾಲಿಯು ತೀರಿಕೊಂಡು ಟಿಪ್ಪು ಸುಲ್ತಾನನು ಪಟ್ಟಕ್ಕೆ ಬಂದನು. ೧೭೮೪ರ ಮಂಗಳೂರಿನ ಒಪ್ಪಂದದಿಂದ ಇಂಗ್ಲಿಷರ ಕಡೆಯ ಯೋಚನೆ ತೀರಿದ ಬಳಿಕ ಆತನ ದೃಷ್ಟಿ ಕೊಡಗಿನ ಮೇಲೆ ಹರಿಯಿತು. ಮಡಿಕೇರಿಗೆ ಜಾಫರಾಬಾದ್ ಎಂಬ ಹೆಸರಾಯಿತು. ೧೭೮೫ರಲ್ಲಿ ಮತ್ತೆ ದಂಗೆಯಾದಾಗ ಸುಲ್ತಾನನೇ ದಂಡೆತ್ತಿ ಬಂದು, ಬಹು ಸಂಖ್ಯೆಯ ಕೊಡವರನ್ನು ಹೆಂಗಸರು ಮಕ್ಕಳೊಡನೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಎಷ್ಟು ಮಂದಿ ಎಂಬ ಲೆಕ್ಕದಲ್ಲಿ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ನಾಡಿನ ಅನೇಕ ಒಕ್ಕಗಳು ಬರಿದಾದುದಂತೂ ಸತ್ಯ.

ಪಿರಿಯಾಪಟ್ಟಣವು ಕೊಡಗಿನ ಮೂಡಣ ಗಡಿಗೆ ಹತ್ತಿರದ ಊರು. ತನ್ನ ನಾಡಿನ ಬೆಟ್ಟಗಳಿಗೆ ಅಷ್ಟು ಸಮೀಪವಿದ್ದೂ ಅಲ್ಲಿಗೆ ಹೋಗಲಾರದೆ ವೀರರಾಜನು ಆರು ವರ್ಷಗಳನ್ನು ಕಳೆದನು. ಗೊರೂರಿನ ದಿನಗಳನ್ನೂ ಸೇರಿಸಿದರೆ ಎಂಟು ವರ್ಷವಾಯಿತು. ಒಬ್ಬ ತರುಣನಿಗೆ ಮೀಸೆ ಮೂಡಿ ಗಂಡಸಾಗುವ ಕಾಲವೆಲ್ಲ ಗೋಡೆಯೊಳಗೆ ಸಂದಿತು. ನಾಡಿನಿಂದ ಬರುವ ಸುದ್ದಿಯೆಲ್ಲ ದುಃಖದ ಸುದ್ದಿ. ದಂಗೆಯೆದ್ದರೆ ಜನಕ್ಕೆ ಕೇಡು, ಏಳದಿದ್ದರೆ ರಾಜ್ಯಕ್ಕೆ ಕೇಡು. ಬಿಡುಗಡೆಯ ದಿನ ಯಾವುದೆಂದು ಹೇಳುವವರಿಲ್ಲ.

ಶರಣರ ಬೋಧೆಯಲ್ಲಿ ಆಸೆಯನ್ನು ನೀಗೆಂಬ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ನಂಬುಗೆಯನ್ನು ನೀಗೆಂಬ ಮಾತು ಎಲ್ಲಿಯೂ ಬರುವುದಿಲ್ಲ. ಇವೆರಡನ್ನೂ ಒಂದೇ ಎಂದು ಬಗೆಯುವವರುಂಟು. ಆಸೆಯದು ದಿನವನ್ನು ಗೊತ್ತುಮಾಡಿಕೊಂಡು ಕಾಯುವ ಸ್ವಭಾವ. ಗೊತ್ತಾದ ದಿನ ಕಳೆಯಿತೆಂದರೆ ಅದು ಮುರಿದು ಬೀಳುತ್ತದೆ. ನಂಬುಗೆಗೆ ದಿನದ ಹಂಗಿಲ್ಲ. ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದಾಗ ಅವರ ಕೈಯಲ್ಲಿ ಉಳಿದದ್ದು ಊರಲ್ಲ, ಮನೆಯಲ್ಲ. ಅಂಗೈಯ ಲಿಂಗ ಮತ್ತು ಒಬ್ಬರನ್ನೊಬ್ಬರು ನಂಬಿದ ನಂಬುಗೆ. ಪಿರಿಯಾಪಟ್ಟಣದ ಸೆರೆಯಾಳಿನ ಬಳಿಯೂ ಇದ್ದದ್ದು ಇಷ್ಟೆ. ತನ್ನ ಜನ ತನ್ನನ್ನು ಮರೆತಿಲ್ಲವೆಂಬುದನ್ನು ಆತನು ನಂಬಿದನು. ಬೆಟ್ಟದಾಚೆಯಲ್ಲಿ, ದೊರೆಯಿಲ್ಲದ ಜನರು ಆತನು ಬಂದೇ ಬರುವನೆಂದು ನಂಬಿದರು. ಈ ಎರಡು ನಂಬುಗೆಗಳು ಎಂಟು ವರ್ಷ ಒಂದನ್ನೊಂದು ಕಾಣದೆಯೇ ಬಾಳಿದವು.

೧೭೮೮ರ ಡಿಸೆಂಬರಿನಲ್ಲಿ ಅವು ಕೂಡಿದವು. ಕೊಡಗಿನಲ್ಲಿ ಬತ್ತ ಮಾಗಿ ಹುತ್ತರಿಯ ಕದಿರು ಮನೆಗೆ ಬರುವ ತಿಂಗಳ ಆಸುಪಾಸು ಅದು. ಕೆಲವು ಮಂದಿ ನಿಷ್ಠಾವಂತ ಕೊಡವರ ಸಹಾಯದಿಂದ ವೀರರಾಜನು ಹೆಂಡತಿಯೊಡನೆ, ಲಿಂಗರಾಜ ಅಪ್ಪಾಜಿ ಎಂಬ ತಮ್ಮಂದಿರೊಡನೆ ಕೋಟೆಯಿಂದ ತಪ್ಪಿಸಿಕೊಂಡು ಕಿಗ್ಗಟ್ಟುನಾಡಿನ ಕುರ್ಚಿ ಗ್ರಾಮವನ್ನು ಸೇರಿದನು. ಓದುಗರು ಈ ತಮ್ಮಂದಿರ ಹೆಸರುಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯಲ್ಲಿ ಅವು ಮತ್ತೆ ಬರುತ್ತವೆ.

ಸೆರೆಯಿಂದ ಹೊರಬಿದ್ದೊಡನೆ ಕಷ್ಟ ಮುಗಿಯಲಿಲ್ಲ. ಮಲೆಯಾಳ ಸೀಮೆಯ ಕೊಟ್ಟಯಂ ಅರಸನ ಕೈಗೆ ಆತನು ಸಿಕ್ಕಿಬಿದ್ದು, ಕೊಡಗಿನ ಕೆಲವು ನಾಡುಗಳನ್ನು ಬಿಟ್ಟುಕೊಡುವ ಪತ್ರಕ್ಕೆ ಒಪ್ಪಿಗೆ ಹಾಕಿಯೇ ಬಿಡುಗಡೆ ಪಡೆಯಬೇಕಾಯಿತೆಂದೂ, ಅನಂತರ ಆ ನಾಡುಗಳನ್ನು ವಶಮಾಡಿಕೊಳ್ಳಲು ಬಂದವರನ್ನು ಸುತ್ತುಗಟ್ಟಿ ಪತ್ರವನ್ನು ಹಿಂದಕ್ಕೆ ಪಡೆದನೆಂದೂ ಹೇಳುತ್ತಾರೆ. ಒಂದು ಸೆರೆಯಿಂದ ಮತ್ತೊಂದು ಸೆರೆಗೆ ಬಿದ್ದವನಿಗೆ ವಿಧಿಯನ್ನು ದೂರುತ್ತ ಕೂರಲು ಕಾರಣ ಬೇಕಾದಷ್ಟಿತ್ತು. ಆತನು ಕೂರಲಿಲ್ಲ. ದೊರೆ ಬಂದನೆಂಬ ಸುದ್ದಿ ಕಾಡಿನಿಂದ ಕಾಡಿಗೆ ಹಬ್ಬುತ್ತಲೇ ಅಳಿದುಳಿದ ಒಕ್ಕಗಳಿಂದ ಜನ ಕೋವಿ ಒಡಿಕತ್ತಿಗಳೊಡನೆ ಬಂದು ಕೂಡಿಕೊಂಡರು.

ಟಿಪ್ಪುವಿನ ಪಡೆಗಳಿಗೆ ಕೊಡಗಿನಲ್ಲಿ ಕುಶಾಲನಗರ, ಬೇಪ್ಪುನಾಡು, ಭಾಗಮಂಡಲ, ಮಡಿಕೇರಿ ಎಂಬ ನಾಲ್ಕು ಕಡೆ ಕೋಟೆಗಳ ಆಸರೆಯಿತ್ತು. ಬಯಲಿನ ಯುದ್ಧಕ್ಕೆ ಬೇಕಾದ ಕುದುರೆ ಫಿರಂಗಿಗಳು ವೀರರಾಜನಲ್ಲಿರಲಿಲ್ಲ. ಇದ್ದದ್ದು ಕಾಡಿನ ದಾರಿಗಳ ಅರಿವು, ಹಿಂದಿನವರು ತೋಡಿಟ್ಟಿದ್ದ ಕಡಂಗಗಳು, ಮಳೆಗಾಲ. ಕೋಟೆಗೆ ಹೋಗುವ ದವಸವನ್ನು ದಾರಿಯಲ್ಲಿ ತಡೆಯುವುದು, ದಂಡು ಕಣಿವೆಯಲ್ಲಿ ಸಾಲಾಗಿ ಸಾಗುವಾಗ ಮೇಲೆ ಬೀಳುವುದು, ಮೈಸೂರಿನ ಗಡಿಯ ಹಳ್ಳಿಗಳಿಗೆ ನುಗ್ಗಿ ದನಕರುಗಳನ್ನೂ ಧಾನ್ಯವನ್ನೂ ಎಳೆತರುವುದು ಆತನ ಯುದ್ಧದ ರೀತಿ. ಈ ಕೊನೆಯದರಿಂದ ಏನೂ ಅರಿಯದ ರೈತರು ನೊಂದರೆಂಬುದನ್ನು ಹೇಳದೆ ಬಿಡಲಾಗದು. ಹೀಗೆ ಕೋಟೆಗಳು ಒಂದೊಂದಾಗಿ ಬಿದ್ದವು. ಭಾಗಮಂಡಲದ ಮುತ್ತಿಗೆಯಲ್ಲಿ ಗುಂಡು ತಗಲಿ ದೇವಾಲಯದ ತಾಮ್ರದ ಹೊದಿಕೆಯ ಐದು ಹಂಚುಗಳು ಒಡೆದವು. ದೊರೆಯು ಅವುಗಳ ಜಾಗದಲ್ಲಿ ಬೆಳ್ಳಿಯ ಹಂಚುಗಳನ್ನು ಹೊದಿಸಿದನೆಂದು ಪ್ರತೀತಿ. ತಾನು ಲಿಂಗವಂತನಾದರೂ ತನ್ನ ಜನರ ಶ್ರದ್ಧೆಯ ನೆಲೆಗೆ ತನ್ನಿಂದಾದ ಹಾನಿಯನ್ನು ಆತನು ಯುದ್ಧದ ಲೆಕ್ಕಕ್ಕೆ ಬರೆದು ಸುಮ್ಮನಾಗಲಿಲ್ಲ.

ಕೊನೆಗೆ ಉಳಿದದ್ದು ಮಡಿಕೇರಿಯ ಕೋಟೆ. ೧೭೯೦ರ ಅಕ್ಟೋಬರ್ ೨೬ರಂದು ತಲಚೇರಿಯ ಮುಖ್ಯಾಧಿಕಾರಿ ರಾಬರ್ಟ್ ಟೇಲರನ ಮೂಲಕ ವೀರರಾಜನು ಇಂಗ್ಲಿಷ್ ಕಂಪನಿಯೊಡನೆ ಸ್ನೇಹದ ಒಡಂಬಡಿಕೆ ಮಾಡಿಕೊಂಡಿದ್ದನು. ಈ ಕಾಲದ ಒಂದು ಪ್ರಸಂಗ ಆತನ ಬಾಳಿನಲ್ಲೆಲ್ಲ ಬೆಳಕಿನದು. ಮುತ್ತಿಗೆಯಿಂದ ಮಡಿಕೇರಿಯ ಕೋಟೆಯೊಳಗೆ ಅನ್ನಕ್ಕೆ ಅಭಾವ ಬಂದಿತು. ಕೋಟೆಯವರಿಗೆ ದವಸವನ್ನು ಮುಟ್ಟಿಸಲು ಸುಲ್ತಾನನು ಖಾದರ್ ಖಾನನೆಂಬ ಸರದಾರನನ್ನು ಕಳುಹಿಸಿದನು. ಕೊಡವರು ಈ ದಂಡನ್ನು ಕಾಡಿನಲ್ಲಿ ಸುತ್ತುವರಿದರು. ಅದನ್ನು ಅಲ್ಲಿಯೇ ಮುಗಿಸಿದ್ದರೆ ಕೋಟೆಯ ಬಾಗಿಲು ತಾನಾಗಿ ತೆರೆಯುತ್ತಿತ್ತು, ರಾಜಧಾನಿ ಕೈಸೇರುತ್ತಿತ್ತು. ಆದರೆ ಹಿಂದೆ ಸೆರೆಯ ದಿನಗಳಲ್ಲಿ ಈ ಖಾದರ್ ಖಾನನು ರಾಜನ ಮನೆಯವರ ಮಾನವನ್ನು ಕಾಪಾಡಿದ್ದನು. ವೀರರಾಜನು ಅದನ್ನು ಮರೆತಿರಲಿಲ್ಲ. ಬಂದ ಕೆಲಸ ಕೆಟ್ಟು ಖಾನನು ಹಿಂದಿರುಗಿದರೆ ಸುಲ್ತಾನನ ಕೋಪಕ್ಕೆ ಗುರಿಯಾಗುವನೆಂದೂ ಆತನಿಗೆ ತಿಳಿದಿತ್ತು. ಆದುದರಿಂದ ದವಸವನ್ನು ಕೋಟೆಗೆ ಮುಟ್ಟಿಸಿ, ದಂಡಿನೊಡನೆ ಸುರಕ್ಷಿತವಾಗಿ ಮೈಸೂರಿಗೆ ಮರಳಲು ಖಾನನಿಗೆ ದಾರಿಬಿಟ್ಟನು.

ಇದನ್ನು ಕೇಳಿ ಕಂಪನಿಯ ಅಧಿಕಾರಿಗಳು ಶಂಕಿಸಿದರು. ಶತ್ರುವಿನೊಡನೆ ಒಳಸಂಚು ನಡೆದಿದೆಯೇ ಎಂದು ಅನುಮಾನಪಟ್ಟರು. ಮನೆಮಾರು ಕಳೆದುಕೊಂಡು ಹೋರಾಡುತ್ತಿದ್ದ ಕೊಡವರಿಗೂ ಇದು ಹಿತವಾದ ತೀರ್ಮಾನವಾಗಿರಲಾರದು. ಆದರೂ ದೊರೆ ಮಾತಿನಿಂದ ಹಿಂದೆಗೆಯಲಿಲ್ಲ. ಒಳಗೆ ಹೋದ ದವಸ ಬಹುದಿನ ಬರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಕೋಟೆ ವಶವಾಯಿತು. ಶರಣಾದ ಸೈನಿಕರನ್ನೂ ಅವರ ಅಧಿಕಾರಿಯನ್ನೂ ಆತನು ಕೊಲ್ಲಲಿಲ್ಲ, ಸೆರೆಯಲ್ಲಿಡಲೂ ಇಲ್ಲ, ಮೈಸೂರಿಗೆ ಹೋಗಗೊಟ್ಟನು. ಸೆರೆಯ ರುಚಿ ತಿಳಿದವನು ಸೆರೆಯ ಬಾಗಿಲನ್ನು ತೆರೆದ ಗಳಿಗೆ ಅದು. ಗೆಲುವು ಖಚಿತವಾದ ಮೇಲೆ ಉದಾರಿಯಾಗುವುದು ಬೇರೆ. ಗೆಲುವು ಇನ್ನೂ ತಕ್ಕಡಿಯಲ್ಲಿದ್ದಾಗ, ಒಂದು ಹಳೆಯ ಉಪಕಾರಕ್ಕಾಗಿ ಅದನ್ನು ಪಣಕ್ಕಿಡುವುದು ಬೇರೆ. ನಾಳೆಯನ್ನು ನಂಬಿದವನಿಗೆ ಮಾತ್ರ ಸಾಧ್ಯವಾಗುವ ಕೆಲಸವಿದು.

ಬಳಿಕ ಮುಂಬಯಿಯ ಸೇನಾಪತಿ ಅಬರ್ಕ್ರಾಂಬಿಯ ಸೈನ್ಯವು ಕೊಡಗಿನ ಮಾರ್ಗವಾಗಿ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ದೊರೆಯು ಅದಕ್ಕೆ ದಾರಿ, ದವಸ, ಎತ್ತುಗಳನ್ನು ಒದಗಿಸಿದನು. ೧೭೯೨ರ ಯುದ್ಧದ ಗೊಂದಲದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕೊಡವರು ದೊಡ್ಡ ಸಂಖ್ಯೆಯಲ್ಲಿ ತಪ್ಪಿಸಿಕೊಂಡು ಹೆಂಡಿರು ಮಕ್ಕಳೊಡನೆ ಊರುಗಳಿಗೆ ಮರಳಿದರು. ಸಂಧಿಯ ಸಮಯದಲ್ಲಿ ಕೊಡಗನ್ನು ಬಿಟ್ಟುಕೊಡಲು ಸುಲ್ತಾನನು ಬಲವಾಗಿ ವಿರೋಧಿಸಿದನು. ಕಾರ್ನ್‌ವಾಲಿಸನು ಪಟ್ಟುಹಿಡಿದು ಬಿಡಿಸಿದನು. ಆದರೆ ಇಲ್ಲಿಯೂ ಹೊರಗಿನ ನೆರವಿಗೆ ಬೆಲೆಯಿತ್ತು. ೧೭೯೩ರ ಒಪ್ಪಂದದಂತೆ ಕೊಡಗು ಕಂಪನಿಗೆ ವರ್ಷಕ್ಕೆ ೨೪,೦೦೦ ರೂಪಾಯಿ ಕಪ್ಪ ಕೊಡುವ ರಾಜ್ಯವಾಯಿತು. ತಂದೆ ಒಬ್ಬರ ಬಾಗಿಲಿಗೆ ಹೋದನು, ಮಗ ಇನ್ನೊಬ್ಬರ ಬಾಗಿಲಿಗೆ. ಆ ದಿನ ಇದು ಅನಿವಾರ್ಯವಾಗಿ ಕಂಡಿರಬೇಕು.

ಮುಂದಿನ ಹಲವು ವರ್ಷಗಳು ಕಟ್ಟುವ ಕಾಲ. ಅಬರ್ಕ್ರಾಂಬಿಯೊಡನೆ ಭೇಟಿಯಾದುದರ ನೆನಪಿಗೆ ೧೭೯೨ರಲ್ಲಿ ವೀರರಾಜಪೇಟೆ ಎಂಬ ಊರು ಹುಟ್ಟಿತು. ಅದೇ ಇಂದಿನ ವಿರಾಜಪೇಟೆ. ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಮಾತಿನ ಕ್ರೈಸ್ತ ಕುಟುಂಬಗಳಿಗೆ ದೊರೆಯು ಅಲ್ಲಿ ನೆಲೆ ಕೊಟ್ಟು, ಅವರ ಪ್ರಾರ್ಥನಾ ಮಂದಿರಕ್ಕೂ ಜಾಗ ಕೊಟ್ಟನು. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿನ ಬುಡದಲ್ಲಿ, ಕಕ್ಕಬೆಯ ಬಳಿಯ ದಟ್ಟ ಕಾಡಿನ ನಡುವೆ, ೧೭೯೨ರಿಂದ ೧೭೯೪ರವರೆಗೆ ನಾಲ್ಕುನಾಡಿನ ಅರಮನೆ ಎದ್ದಿತು. ಅರಸನ ವೈಭವಕ್ಕೆ ಕಟ್ಟಿದ ಮನೆಯಲ್ಲ ಅದು. ಮತ್ತೊಮ್ಮೆ ಕೆಟ್ಟ ಕಾಲ ಬಂದರೆ ಆಸರೆಯಾಗಲೆಂದು ಕಾಡಿನ ಮರೆಯಲ್ಲಿ ಕಟ್ಟಿದ ಮನೆ. ೧೭೯೬ರಲ್ಲಿ ಅದರ ಮುಂದಣ ಚಿಕ್ಕ ಮಂಟಪದಲ್ಲಿ ವೀರರಾಜೇಂದ್ರನು ಮಹಾದೇವಮ್ಮಾಜಿಯ ಕೈಹಿಡಿದನು. ಆಪತ್ತಿಗೆಂದು ಕಟ್ಟಿದ ಮನೆ ಮದುವೆಯ ಮನೆಯಾಯಿತು.

೧೭೯೯ರ ಮಾರ್ಚ್ ೬ರಂದು, ಪಿರಿಯಾಪಟ್ಟಣಕ್ಕೆ ಸಮೀಪದ ಸಿದ್ದೇಶ್ವರದ ಗಡಿಯಲ್ಲಿ ಟಿಪ್ಪುವಿನ ಸೈನ್ಯವು ಮುಂಬಯಿಯ ಸೈನ್ಯದ ಮೇಲೆ ಬಿದ್ದು ಹಿಮ್ಮೆಟ್ಟಿತು. ದೊರೆಯು ಆ ಯುದ್ಧದಲ್ಲಿ ಹಾಜರಿದ್ದನು. ಹತ್ತು ವರ್ಷಗಳ ಹಿಂದೆ ಕೈದಿಯಾಗಿ ತಪ್ಪಿಸಿಕೊಂಡು ಬಂದ ಸೀಮೆಯ ಎದುರಿಗೇ ಈಗ ರಾಜನಾಗಿ ನಿಂತಿದ್ದನು. ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು, ಸುಲ್ತಾನನು ಮಡಿದನು. ಕಂಪನಿಯು ೨೪,೦೦೦ ರೂಪಾಯಿಯ ಕಪ್ಪವನ್ನು ಬಿಟ್ಟು, ವರ್ಷಕ್ಕೊಂದು ಆನೆಯನ್ನು ಕೊಟ್ಟರೆ ಸಾಕೆಂದಿತು. ಹಗೆಯಿಲ್ಲ, ಕಪ್ಪವಿಲ್ಲ, ನಾಡಿನಲ್ಲಿ ಬೆಳೆಯಿದೆ. ದೊರೆಗೆ ಇನ್ನೂ ನಡುಹರೆಯ.

ಇಲ್ಲಿಂದ ಮುಂದಿನ ಕಥೆಯನ್ನು ಸಂತೋಷದಿಂದ ಬರೆಯಲಾಗದು. ದೊರೆಗೆ ಮಹಾದೇವಮ್ಮಾಜಿಯಲ್ಲಿ ಹೆಣ್ಣುಮಕ್ಕಳು ಹುಟ್ಟಿದರು, ಗಂಡುಮಗು ಆಗಲಿಲ್ಲ. ೧೮೦೭ರಲ್ಲಿ ರಾಣಿಯೂ ತೀರಿಕೊಂಡಳು. ಮಡಿಕೇರಿಯ ಮಹದೇವಪೇಟೆ ಇಂದಿಗೂ ಆಕೆಯ ಹೆಸರನ್ನು ಹೊತ್ತಿದೆ. ಅಷ್ಟು ಕಷ್ಟದಿಂದ ಮರಳಿ ಪಡೆದ ರಾಜ್ಯವು ತನ್ನ ರಕ್ತದಲ್ಲಿ ಮುಂದುವರಿಯುವುದೋ ಇಲ್ಲವೋ ಎಂಬ ಚಿಂತೆ ದೊರೆಯನ್ನು ಹಗಲಿರುಳು ತಿನ್ನತೊಡಗಿತು. ಹಿರಿಯ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಕಂಪನಿಗೆ ಬರೆದನು. ವಂಶದ ಚರಿತ್ರೆಯನ್ನು ರಾಜೇಂದ್ರನಾಮೆ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆಸಿದನು. ೧೮೦೮ರಲ್ಲಿ ಅದು ಇಂಗ್ಲಿಷಿಗೂ ಬಂದಿತು. ಇದುವರೆಗೆ ತಪ್ಪೇನಿಲ್ಲ. ಹೆಣ್ಣುಮಗಳನ್ನು ಗದ್ದುಗೆಗೆ ಅರ್ಹಳೆಂದು ಎಣಿಸಿದ್ದು, ಹೆಣ್ಣು ಗಂಡೆಂಬ ಭೇದವನ್ನು ಅಳಿದ ಶರಣರ ಹಾದಿಗೆ ಹೊಂದುವ ಮಾತೇ ಆಗಿತ್ತು.

ಆದರೆ ಚಿಂತೆಯು ಶಂಕೆಯಾಯಿತು, ಶಂಕೆಯು ಉನ್ಮಾದವಾಯಿತು. ಹತ್ತಿರದವರೆಲ್ಲ ಮಗಳ ಪಟ್ಟಕ್ಕೆ ಕಂಟಕರಾಗಿ ಕಂಡರು. ಸಿಟ್ಟು ಬಂದಾಗ ಕೊಲ್ಲೆಂದು ಆಜ್ಞೆ ಕೊಡುವುದು, ಸಿಟ್ಟಿಳಿದಾಗ ಕೊಂದವರ ಮೇಲೆಯೇ ಕೋಪಗೊಂಡು ಪರಿತಪಿಸುವುದು ನಡೆಯಿತು. ಕೊಡಗಿನ ಚರಿತ್ರೆಯನ್ನು ಬರೆದವರು ಹೇಳುವಂತೆ ತಮ್ಮ ಅಪ್ಪಾಜಿಯು ಅಣ್ಣನ ಆಜ್ಞೆಯಿಂದಲೇ ಪ್ರಾಣ ಬಿಟ್ಟನು. ಲಿಂಗರಾಜನು ಹೇಗೋ ಉಳಿದನು. ಪಿರಿಯಾಪಟ್ಟಣದ ಕೋಟೆಯಿಂದ ೧೭೮೮ರಲ್ಲಿ ಅಣ್ಣನ ಜೊತೆಯಲ್ಲಿ ಹೊರಬಿದ್ದ ಅದೇ ಅಪ್ಪಾಜಿ, ಅದೇ ಲಿಂಗರಾಜ.

ಶತ್ರುವಿನ ಸರದಾರನನ್ನು ನಂಬಿ ದಾರಿಬಿಟ್ಟವನು ಒಡಹುಟ್ಟಿದವರನ್ನು ನಂಬಲಾರದೆ ಹೋದುದು ಹೇಗೆ? ಮತಿಭ್ರಮೆಯೆಂದು ಹೇಳಿ ಕೈತೊಳೆದುಕೊಳ್ಳಬಹುದು; ಅದರಲ್ಲಿ ಸತ್ಯಾಂಶವೂ ಇದ್ದೀತು. ಆದರೆ ಸೆರೆಯಲ್ಲಿ ಆತನ ಬಳಿ ಕಳೆದುಕೊಳ್ಳುವಂತಹುದು ಯಾವುದೂ ಇರಲಿಲ್ಲ, ನಂಬುಗೆಯೊಂದೇ ಆಸ್ತಿ. ಅರಮನೆಯಲ್ಲಿ ಕಾಪಾಡಿಕೊಳ್ಳಬೇಕಾದುದು ಬಹಳವಾಯಿತು. ಅದು ತಾನು ಹೇಳಿದವರಿಗೇ, ತಾನು ಹೇಳಿದಂತೆಯೇ ಸಲ್ಲಬೇಕೆಂಬ ಹಂಬಲ ಹುಟ್ಟಿತು. ನಂಬುಗೆಯಿದ್ದ ಜಾಗದಲ್ಲಿ ಆಸೆ ಬಂದು ಕುಳಿತಿತು. ಮಳೆ ಹುಯ್ಯುವಾಗ ಗಟ್ಟಿಯಾಗಿ ನಿಂತ ಗೋಡೆ ಬಿಸಿಲಿಗೆ ಬಿರಿಯುವುದನ್ನು ಮಲೆನಾಡಿನವರು ಕಂಡೇ ಇರುತ್ತಾರೆ.

೧೮೦೯ರ ಜೂನ್ ೯ರಂದು ದೊಡ್ಡ ವೀರರಾಜೇಂದ್ರನು ಶಿವೈಕ್ಯನಾದನು. ಆತನ ಇಷ್ಟದಂತೆ ಬಾಲೆಯಾದ ದೇವಮ್ಮಾಜಿಗೆ ಪಟ್ಟವಾಯಿತು; ಆಕೆಯ ಪತಿ, ಸೋದೆ ಮನೆತನದ ಮಲ್ಲಪ್ಪನು ರಾಜ್ಯಭಾರವನ್ನು ನೋಡಿಕೊಳ್ಳಬೇಕೆಂದಿತ್ತು. ಎರಡು ವರ್ಷ ತುಂಬುವಷ್ಟರಲ್ಲಿ, ಕೊಲೆಯಿಂದ ಪಾರಾಗಿದ್ದ ತಮ್ಮ ಲಿಂಗರಾಜನು ಮಲ್ಲಪ್ಪನನ್ನು ಬದಿಗೆ ಸರಿಸಿ ೧೮೧೧ರಲ್ಲಿ ತಾನೇ ಗದ್ದುಗೆಯನ್ನೇರಿದನು. ಎಷ್ಟೋ ಜೀವಗಳನ್ನು ತೆತ್ತು ಭದ್ರಪಡಿಸಿದ ಏರ್ಪಾಡು ಎರಡು ಮಳೆಗಾಲ ಬಾಳಿತು. ಲಿಂಗರಾಜನ ಮಗ ಚಿಕ್ಕ ವೀರರಾಜನು ೧೮೩೪ರಲ್ಲಿ ಕಂಪನಿಯ ದಂಡು ನಾಲ್ಕು ದಿಕ್ಕಿನಿಂದ ಬಂದಾಗ ಹೋಗಿ ಸೇರಿದ್ದು ನಾಲ್ಕುನಾಡಿನ ಅದೇ ಕಾಡಿನ ಅರಮನೆಯನ್ನು. ದೊಡ್ಡಪ್ಪನು ಆಪತ್ತಿಗೆಂದು ಕಟ್ಟಿದ ಮನೆ ಆಪತ್ತಿನ ದಿನ ಆಸರೆಯಾಗಲಿಲ್ಲ. ಆ ವರ್ಷ ಹಾಲೇರಿಯವರ ಆಳ್ವಿಕೆ ಮುಗಿದು, ಕೊಡಗು ಕಂಪನಿಯ ವಶವಾಯಿತು.

ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡ ವೀರರಾಜೇಂದ್ರನೂ ಮಹಾದೇವಮ್ಮಾಜಿಯೂ ಒಂದೇ ಗುಮ್ಮಟದಡಿಯಲ್ಲಿ ಸಮಾಧಿಯಾಗಿದ್ದಾರೆ. ಕಟ್ಟಡದ ಗುಮ್ಮಟವೂ ಮೂಲೆಯ ಮಿನಾರುಗಳೂ ಮುಸಲ್ಮಾನ ಶೈಲಿಯವು, ಮೂಲೆಮೂಲೆಯಲ್ಲಿ ಕುಳಿತ ನಂದಿಗಳು ಶಿವಭಕ್ತನ ಮನೆಯವು. ಬದಿಯಲ್ಲಿ ತಮ್ಮ ಲಿಂಗರಾಜನ ಗದ್ದಿಗೆಯಿದೆ. ಮಗ ಅದನ್ನು ೧೮೨೦ರಲ್ಲಿ ಕಟ್ಟಿಸಿದನು. ಅದೇ ಆವರಣದಲ್ಲಿ, ಅರಸರ ಗುಮ್ಮಟಗಳಿಗೆ ಹತ್ತಿರದಲ್ಲಿಯೇ, ಟಿಪ್ಪುವಿನೊಡನೆ ನಡೆದ ಕಾಳಗದಲ್ಲಿ ದೊರೆಗಾಗಿ ಪ್ರಾಣಕೊಟ್ಟ ಬಿದ್ದಂಡ ಬೋಪುವಿನ ಸಮಾಧಿಯೂ ಆತನ ಮಗ ಸೋಮಯ್ಯನ ಸಮಾಧಿಯೂ ಇವೆ.